ಬಲಗಾಲಿಗೆ

ನಿನಗೇ ಹೇಳುತ್ತಿದ್ದೇನೆ, ಬಲಗಾಲೇ,
ಬಿಸಿನೀರಿನ ಬಕೆಟ್ಟಿನಲ್ಲಿ ನಿನ್ನನ್ನು ಇಳಿಬಿಟ್ಟು.
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳ ಕಾಲು ನೀನು.
ಚೆಂಡಿನ ಹಿಂದೆ ಓಡಿಬಂದ ಹುಡುಗನಿಗೆ,
ಹಿಮದ ನಸುಕಿನಲ್ಲಿ ಕಣ್ಣು ಮಿಂಚಿಸಿದ ಜಿಂಕೆಗೆ,
ಕೆಂಪು ದೀಪಕ್ಕೆ, ಇನ್ನೇನು ಕೆಂಪಾಗಲಿರುವ ಹಳದಿಗೆ
ನಿನಗೆ ಗೊತ್ತಿದ್ದದ್ದು ಒಂದೇ ಉತ್ತರ:
ಬ್ರೇಕು.

ಒಗಲಾಲ ದಾಟಿ ಹನ್ನೆರಡು ಮೈಲಿ.
ನೆಬ್ರಾಸ್ಕದ ಆಗಸ್ಟು; ರಸ್ತೆ ಕಾದ ಕಾವಲಿ.
ಎರಡೂ ಕಡೆ ಮೆಕ್ಕೆಜೋಳ, ಆಮೇಲೆ ಮತ್ತಷ್ಟು ಮೆಕ್ಕೆಜೋಳ,
ದೂರದಲ್ಲಿ ಒಂದು ಗೂಡ್ಸು ರೈಲು
ಮುಗಿಯುವ ಯೋಚನೆಯೇ ಇಲ್ಲದೆ ಹೋಗುತ್ತಿತ್ತು.
ಪಕ್ಕದ ಸೀಟಿನಲ್ಲಿ ಥರ್ಲೋ, ತೊಡೆಯ ಮೇಲೆ ನಕ್ಷೆ,
ನಕ್ಷೆಯ ಮೇಲೆ ಅರ್ಧ ಸುಲಿದ ಕಿತ್ತಳೆ.

ಆ ಸದ್ದನ್ನು ಬರೆಯಲಾರೆ.
ಕಿವಿಯ ಪಕ್ಕ ಕೋವಿ ಹಾರಿದಂತೆ ಎನ್ನುತ್ತಾರೆ ಕೇಳಿದವರು;
ನನಗದು ಕೇಳಿಸಿದ್ದು ಹೊಟ್ಟೆಯಲ್ಲಿ.
ಎಡ ಮೂಲೆ ಕುಸಿಯಿತು.
ಹತ್ತು ಟನ್ನಿನ ಮನೆ,
ಒಲೆ, ಹಾಸಿಗೆ, ಕಕ್ಕಸು, ಗೋಡೆಗಡಿಯಾರ ಸಮೇತ,
ಹಟ ಹಿಡಿದ ಹೋರಿಯಂತೆ ಮೂತಿ ತಿರುಗಿಸಿತು
ನಡುವಿನ ಹುಲ್ಲಿನ ಹಳ್ಳದ ಕಡೆ,
ಹಳ್ಳದಾಚೆ ಎದುರು ಬರುವ ಲಾರಿಗಳ ಕಡೆ.
ಹಿಂದೆ ಡ್ರಾಯರುಗಳು ಬಾಯಿ ಬಿಟ್ಟವು.
ಚಮಚಗಳು ಓಡಿಬಂದವು ಮುಂದಕ್ಕೆ
ಏನಾಯಿತೆಂದು ನೋಡಲು ಬಂದ ನೆರೆಯವರ ಹಾಗೆ.

ಆಗ ನೀನು ಎದ್ದೆ.
ಬ್ರೇಕಿನ ನೆತ್ತಿಯ ಮೇಲೆ ತೂಗಿದೆ,
ಮೂವತ್ತೊಂದು ವರ್ಷದ ಭಾರವೆಲ್ಲ ಹಿಮ್ಮಡಿಗೆ ಬಂದು.
ಬೇಡ ಎಂದೆನೇ ನಾನು? ನೆನಪಿಲ್ಲ.
ನೆನಪಿರುವುದು ಏಪ್ರಿಲ್ಲಿನ ಖಾಲಿ ಪಾರ್ಕಿಂಗು,
ಮುಂದಿನ ಎರಡು ಹಲ್ಲಿಲ್ಲದ ಲಾರಿ ಮುದುಕ ಬಾರ್ಟನ್ ಕ್ವೇಡ್
ತಣ್ಣಗಾದ ಕಾಫಿಯನ್ನೇ ಊದುತ್ತಾ ಹೇಳಿದ್ದು:
"ಮುಂದಿನದು ಸಿಡಿದರೆ ಬ್ರೇಕು ಇದೆಯೆಂಬುದನ್ನೇ ಮರೆ.
ಆಕ್ಸಿಲರೇಟರು ಒತ್ತು. ಮನೆಯನ್ನು ಮುಂದಕ್ಕೆ ನೂಕು.
ನೆಟ್ಟಗಾದ ಮೇಲೆ ಮೆಲ್ಲಗೆ ಸಡಿಲ ಬಿಡು,
ನಿಲ್ಲುವುದು ಅದರ ಕೆಲಸ."
ನಕ್ಕಿದ್ದೆವು ನಾವು, ನಾನೂ ಥರ್ಲೋನೂ.
ನೀನು ನಕ್ಕಿರಲಿಲ್ಲ ಅಂತ ಕಾಣುತ್ತದೆ.

ಸರಿದೆ, ನಾಲ್ಕೇ ಬೆರಳು ಬಲಕ್ಕೆ.
ಒತ್ತಿದೆ.
ಬೀಳುತ್ತಿರುವವಳು ಬೀಳುವ ಕಡೆಗೇ ಓಡಿದ ಹಾಗೆ.
ಎಂಜಿನ್ನು ಕೂಗಿತು, ರಿಮ್ಮು ರಸ್ತೆಯನ್ನು ಕಡಿಯಿತು,
ನನ್ನ ಎರಡು ಮೊಣಕೈಗಳು ಸ್ಟೀರಿಂಗಿಗೆ ಜೋತುಬಿದ್ದವು,
ಹೋರಿಯ ಮೂತಿ ಕೂದಲೆಳೆ, ಕೂದಲೆಳೆ
ಬಿಳಿಗೆರೆಗೆ ಮರಳಿತು.
ಅರವತ್ತೆರಡು. ಐವತ್ತು. ಮೂವತ್ತೈದು.
ಎಷ್ಟು ಹೊತ್ತು ಆ ಮೂವತ್ತೈದು!
ಅಂಚಿನ ಜಲ್ಲಿ ಚಕ್ರದಡಿ ಮಾತಾಡತೊಡಗಿದಾಗ
ಜೋಳದ ಗರಿಗಳು ಒಂದೊಂದಾಗಿ ಕಂಡವು.

ಥರ್ಲೋ ಒಂದು ತೊಳೆ ಬಿಡಿಸಿ
ನನ್ನ ಬಾಯಿಗಿಟ್ಟ. ಏನೂ ಹೇಳಲಿಲ್ಲ.

ಟೈರು ಹಾಕಲು ಬಂದ ಎಲಿಖಿಯೊ
ಚಿಂದಿಯನ್ನು ಬೂಟಿನಿಂದ ಹೊರಳಿಸಿದ.
"ಗೀರು ನೋಡಿ, ಬೆರಳು ಮುಳುಗುತ್ತದೆ. ಹೊಸದರ ಹಾಗೇ ಇದೆ."
ಆಮೇಲೆ ಪಕ್ಕೆಯ ಧೂಳು ಒರೆಸಿ ನಾಲ್ಕು ಅಂಕಿ ಓದಿದ:
ಯಾವ ವಾರ, ಯಾವ ವರ್ಷ.
"ಹನ್ನೊಂದು ತುಂಬಿದೆ. ಓಡಿ ಸವೆದದ್ದಲ್ಲ, ಮೇಡಂ,
ನಿಂತು ನಿಂತು ಒಳಗೇ ಬಿರಿದದ್ದು."

ಗ್ರ್ಯಾಂಡ್ ಐಲೆಂಡಿನ ಆ ಹೆಂಗಸು ನೆನಪಾದಳು,
ಇದನ್ನು ನಮಗೆ ಮಾರಿದವಳು.
ಗಂಡ ಹೊರಡೋಣ ಹೊರಡೋಣ ಎನ್ನುತ್ತಲೇ ಹೋಗಿಬಿಟ್ಟ,
ಇದು ಮಾತ್ರ ಎಲ್ಮ್ ಮರದಡಿ ನಿಂತೇ ಇತ್ತು.
ಪ್ರತಿ ಶನಿವಾರ ಟೈರಿಗೆ ಕಪ್ಪು ಹೊಳಪು ಹಚ್ಚುತ್ತಿದ್ದಳಂತೆ.
ಮೆಟ್ಟಿಲ ಚಾಪೆಗೆ ಬೆಲೆಚೀಟಿ ಅಂಟಿಕೊಂಡೇ ಇತ್ತು.
ಕೀಲಿ ಕೊಡುವಾಗ ಹೊಳಪಿನ ಡಬ್ಬಿಯನ್ನೂ ಕೊಟ್ಟಳು,
ಅರ್ಧ ಉಳಿದಿದೆ, ಹಾಳು ಮಾಡಬೇಡಿ, ಎಂದು.

ಈಗೇಕೆ ನಡುಗುತ್ತೀಯೆ, ಬಲಗಾಲೇ?
ಬಕೆಟ್ಟಿನ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳೆದ್ದು
ಅಂಚಿಗೆ ಬಡಿದು ಬರುತ್ತಿವೆ.
ಹಿಂದೆ ಥರ್ಲೋ ಮಂಡಿಯೂರಿ
ಚಮಚ ಎಣಿಸುತ್ತಿದ್ದಾನೆ, ಟಾರ್ಚು ಹಲ್ಲಲ್ಲಿ ಕಚ್ಚಿ.
ಒಂದು ಇನ್ನೂ ಸಿಕ್ಕಿಲ್ಲವಂತೆ.